ಮಾರ್ಪಡಿಸಿದ ಇ-ರೀಡರ್‌ನಲ್ಲಿ ಪೂರಕ ತಂತ್ರಾಂಶ: ಅಳವಡಿಕೆಯ ಶಿಸ್ತು ಮತ್ತು ಕನ್ನಡ ಪಠ್ಯದ ಶುದ್ಧಿ

ಮುದ್ರಿತ ಪುಸ್ತಕವನ್ನು ಕೊಂಡವನು ಅದರ ಅಂಚಿನಲ್ಲಿ ಟಿಪ್ಪಣಿ ಬರೆಯಲು, ರಟ್ಟು ಬದಲಿಸಿ ಬೈಂಡು ಮಾಡಿಸಲು, ಗೆಳೆಯನಿಗೆ ಕೊಡಲು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಇ-ರೀಡರ್ ಎಂದು ಕರೆಯಲಾಗುವ ಓದುವ ಸಾಧನದ ವಿಷಯದಲ್ಲಿ ಈ ಮಾತನ್ನು ಅಷ್ಟು ಸುಲಭವಾಗಿ ಹೇಳಲಾಗದು. ಸಾಧನ ಓದುಗನ ಕೈಯಲ್ಲಿದ್ದರೂ ಅದರೊಳಗಿನ ತಂತ್ರಾಂಶದ ಬೀಗದ ಕೈ ತಯಾರಕನ ಬಳಿಯಲ್ಲೇ ಉಳಿದಿರುತ್ತದೆ. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್‌ನ ಕೃತಿಗಳ ಕೆಲವು ಪ್ರತಿಗಳನ್ನು, ಅವುಗಳನ್ನು ಕೊಂಡಿದ್ದ ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿದ ಪ್ರಸಂಗವು ಈ ಸತ್ಯವನ್ನು ಜಗತ್ತಿಗೆ ಮನಗಾಣಿಸಿತು. ಕೊಂಡ ಪುಸ್ತಕವನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು ಯುಎಸ್‌ಬಿ ತಂತಿಯ ಮೂಲಕ ಕಿಂಡಲ್‌ಗೆ ವರ್ಗಾಯಿಸುವ ಸೌಲಭ್ಯವನ್ನು ಅದೇ ಸಂಸ್ಥೆಯು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದಾಗ ಇದು ಮತ್ತೊಮ್ಮೆ ದೃಢಪಟ್ಟಿತು.

ಈ ಹಿನ್ನೆಲೆಯಲ್ಲಿ ಸಾಧನವನ್ನು ಮಾರ್ಪಡಿಸಿ, ತಯಾರಕನು ಒದಗಿಸದ ಪೂರಕ ತಂತ್ರಾಂಶವನ್ನು ಅದರಲ್ಲಿ ಅಳವಡಿಸಿಕೊಳ್ಳುವ ಪರಿಪಾಠ ಬೆಳೆದುಬಂದಿದೆ. ಇದನ್ನು ತಂತ್ರಜ್ಞರ ಹವ್ಯಾಸವೆಂದು ಬದಿಗೆ ಸರಿಸುವುದು ಕನ್ನಡ ವಿದ್ವತ್ ವಲಯದ ಸಾಮಾನ್ಯ ಧೋರಣೆ. ಆ ಧೋರಣೆ ಮರುಪರಿಶೀಲನೆಗೆ ಅರ್ಹವಾದುದು. ಏಕೆಂದರೆ ಪೂರಕ ತಂತ್ರಾಂಶದ ಅಳವಡಿಕೆಯಲ್ಲಿ ಆಗುವ ತಪ್ಪು ಯಂತ್ರದ ಕೆಡುಕಿನಲ್ಲಷ್ಟೇ ಕೊನೆಗೊಳ್ಳುವುದಿಲ್ಲ. ಓದುಗನ ಕಣ್ಣಿಗೆ ಬೀಳುವ ಪಠ್ಯವೇ ಅಶುದ್ಧವಾಗುತ್ತದೆ. ಪಠ್ಯಶುದ್ಧಿಯನ್ನು ತನ್ನ ಕರ್ತವ್ಯವೆಂದು ಭಾವಿಸಿರುವ ಶಿಸ್ತು ಈ ಅರಿವನ್ನೂ ತನ್ನದಾಗಿಸಿಕೊಳ್ಳಬೇಕಾಗಿದೆ.

ಮಾರ್ಪಾಡಿನ ಸ್ವರೂಪ

ಇ-ಇಂಕ್ ತೆರೆಯುಳ್ಳ ಓದುವ ಸಾಧನವು ಮೊದಲು ಮಾರುಕಟ್ಟೆಗೆ ಬಂದುದು 2004ರಲ್ಲಿ, ಜಪಾನಿನಲ್ಲಿ, ಸೋನಿ ಸಂಸ್ಥೆಯ ಲಿಬ್ರಿಯೆ ಎಂಬ ಹೆಸರಿನಿಂದ. 2007ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕಿಂಡಲ್ ಈ ಬಗೆಯ ಓದನ್ನು ಜನಪ್ರಿಯಗೊಳಿಸಿತು. ಟೊರೊಂಟೊ ನಗರದಲ್ಲಿ 2009ರಲ್ಲಿ ಸ್ಥಾಪನೆಗೊಂಡ ಕೋಬೋ ಇದರ ಮುಖ್ಯ ಪ್ರತಿಸ್ಪರ್ಧಿಯಾಗಿ ಬೆಳೆಯಿತು. ಈ ಎರಡೂ ಸಾಧನಗಳು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಮೇಲೆಯೇ ನಿಂತಿವೆ. ತಳಹದಿಯು ಮುಕ್ತವಾಗಿದ್ದರೂ ಕಿಂಡಲ್‌ನಲ್ಲಿ ತಯಾರಕನ ಸಹಿಯಿರುವ ತಂತ್ರಾಂಶಕ್ಕೆ ಮಾತ್ರ ಪ್ರವೇಶವುಂಟು. ಈ ನಿರ್ಬಂಧವನ್ನು ಸಡಿಲಿಸುವ ಕ್ರಿಯೆಯನ್ನೇ ಬಳಕೆದಾರರು ಜೈಲ್‌ಬ್ರೇಕ್ ಎಂದು ಕರೆಯುತ್ತಾರೆ. 2025ರ ಜನವರಿಯಲ್ಲಿ ಪ್ರಕಟವಾದ ವಿಂಟರ್‌ಬ್ರೇಕ್ ಎಂಬ ವಿಧಾನವು ಇಂಥವುಗಳಲ್ಲಿ ಒಂದು. ಕೋಬೋದಲ್ಲಿ ಇಂಥ ಬಿಗಿಯಿಲ್ಲ. ನಿರ್ದಿಷ್ಟ ಹೆಸರಿನ ಕಡತವೊಂದನ್ನು ನಿರ್ದಿಷ್ಟ ಸ್ಥಳದಲ್ಲಿ ಇಟ್ಟರೆ ಸಾಧನವು ತಾನಾಗಿಯೇ ಅದನ್ನು ಬಿಚ್ಚಿ ಒಳಗೆ ಸೇರಿಸಿಕೊಳ್ಳುತ್ತದೆ.

ಜೈಲ್‌ಬ್ರೇಕ್ ಎಂಬುದು ಬಾಗಿಲು ತೆರೆಯುವ ಕ್ರಿಯೆ ಮಾತ್ರ. ಓದುಗನಿಗೆ ಪ್ರಯೋಜನವಾಗುವುದು ಆ ಬಾಗಿಲ ಮೂಲಕ ಒಳಬರುವ ಪೂರಕ ತಂತ್ರಾಂಶದಿಂದ. ಅವುಗಳಲ್ಲಿ ಪ್ರಮುಖವಾದುದು ಕೋರೀಡರ್. ಇದು ಸ್ವಯಂಸೇವಕರು ರೂಪಿಸುತ್ತ ಬಂದಿರುವ ಮುಕ್ತ ತಂತ್ರಾಂಶ. ಕಿಂಡಲ್, ಕೋಬೋ, ಪಾಕೆಟ್‌ಬುಕ್ ಮೊದಲಾದ ಹಲವು ಸಾಧನಗಳಲ್ಲಿ ಇದು ನಡೆಯುತ್ತದೆ. ಇಪಬ್, ಪಿಡಿಎಫ್, ಡಿಜೆವಿಯು ಮುಂತಾದ ರೂಪಗಳ ಕಡತಗಳನ್ನು ತೆರೆಯುತ್ತದೆ. ಓದುಗನು ತನಗೆ ಬೇಕಾದ ಫಾಂಟ್ ಮತ್ತು ನಿಘಂಟುಗಳನ್ನು ಸೇರಿಸಿಕೊಳ್ಳಲು ಆಸ್ಪದ ಕೊಡುತ್ತದೆ. ಓದುಗನ ಗುರುತು, ಟಿಪ್ಪಣಿಗಳನ್ನು ಪುಸ್ತಕದ ಪಕ್ಕದಲ್ಲಿಯೇ ಒಂದು ಸರಳ ಪಠ್ಯಕಡತದಲ್ಲಿ ಉಳಿಸುತ್ತದೆ. ಸಂಶೋಧಕನ ದೃಷ್ಟಿಯಿಂದ ಈ ಕೊನೆಯ ಅಂಶವು ಅತ್ಯಂತ ಮಹತ್ವದ್ದು. ತನ್ನ ಟಿಪ್ಪಣಿಗಳು ಯಾವುದೋ ಸಂಸ್ಥೆಯ ಗಣಕದಲ್ಲಿ ಉಳಿಯದೆ ತನ್ನ ಕೈಯಲ್ಲೇ ಉಳಿಯುತ್ತವೆ.

ಕನ್ನಡಕ್ಕೂ ಇದಕ್ಕೂ ಇರುವ ಸಂಬಂಧವು ಕಲ್ಪಿತವಾದುದಲ್ಲ. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಪುಸ್ತಕ ಮಳಿಗೆಯು ಭಾರತೀಯ ಭಾಷೆಗಳಿಗೆ ತೆರೆದುಕೊಂಡಾಗ ಆಯ್ಕೆಯಾದ ಭಾಷೆಗಳು ಐದು: ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಮಾರುಕಟ್ಟೆಯ ಪಟ್ಟಿಯಿಂದ ಹೊರಗುಳಿದ ಭಾಷೆಯ ಓದುಗನು ತನ್ನ ಓದಿನ ಸಾಧನವನ್ನು ತಾನೇ ಸಜ್ಜುಗೊಳಿಸಿಕೊಳ್ಳುವ ಅನಿವಾರ್ಯತೆಗೆ ಒಳಗಾಗುತ್ತಾನೆ. ಹಾಗೆ ಸಜ್ಜುಗೊಳಿಸುವಾಗ ಅವನು ಎಡವುವ ಸ್ಥಳಗಳು ಯಾವುವು ಎಂಬುದನ್ನು ವಿವರವಾಗಿ ನೋಡುವುದು ಉಚಿತ.

ಸರಿಯಾದ ಅಳವಡಿಕೆ ಎಂದರೇನು?

ಅಳವಡಿಕೆಯ ಸೋಲುಗಳನ್ನು ಪರಿಶೀಲಿಸಿದರೆ ಅವುಗಳಲ್ಲಿ ಹೆಚ್ಚಿನವು ನಾಲ್ಕು ನಿಯಮಗಳ ಉಲ್ಲಂಘನೆಯಿಂದ ಹುಟ್ಟಿದವು ಎಂಬುದು ಕಂಡುಬರುತ್ತದೆ. ಅವು ಹೊಂದಿಕೆ, ಸ್ಥಾನ, ಕ್ರಮ ಮತ್ತು ಹಿಂದಿರುಗುವ ದಾರಿ.

ಮೊದಲನೆಯದು ಹೊಂದಿಕೆ. ಒಂದೇ ಹೆಸರಿನ ತಂತ್ರಾಂಶಕ್ಕೆ ಸಾಧನದ ಮಾದರಿ ಮತ್ತು ಫರ್ಮ್‌ವೇರ್ ಆವೃತ್ತಿಗೆ ತಕ್ಕಂತೆ ಬೇರೆ ಬೇರೆ ಕಟ್ಟುಗಳಿರುತ್ತವೆ. ಕಿಂಡಲ್‌ನ ಫರ್ಮ್‌ವೇರ್ 5.16.3ನೆಯ ಆವೃತ್ತಿಯಿಂದ ಮುಂದಕ್ಕೆ, ದಶಮಾಂಶ ಸಂಖ್ಯೆಗಳನ್ನು ಸಂಸ್ಕಾರಕದೊಳಗೆ ವರ್ಗಾಯಿಸುವ ಒಪ್ಪಂದವೇ ಬದಲಾಯಿತು. ಅದರಿಂದಾಗಿ ಹಿಂದಿನ ಆವೃತ್ತಿಗಾಗಿ ಸಿದ್ಧಪಡಿಸಿದ ಕೋರೀಡರ್ ಕಟ್ಟು ಹೊಸದರಲ್ಲಿ ನಡೆಯುವುದಿಲ್ಲ. ಹೊಸತಕ್ಕೆ ಕಿಂಡಲ್-ಎಚ್‌ಎಫ್ ಎಂಬ ಪ್ರತ್ಯೇಕ ಕಟ್ಟೇ ಬೇಕು. ಸಾಧನವು ಅದೇ, ಹೊರರೂಪವೂ ಅದೇ. ಆದರೆ ಒಳಗಿನ ಫರ್ಮ್‌ವೇರ್ ನವೀಕರಣಗೊಂಡಿದ್ದರೆ ನಿನ್ನೆಯವರೆಗೆ ಸರಿಯಾಗಿದ್ದ ಕಟ್ಟು ಇಂದು ತಪ್ಪಾಗುತ್ತದೆ. ಆದುದರಿಂದ ಕಟ್ಟನ್ನು ಇಳಿಸಿಕೊಳ್ಳುವ ಮೊದಲು ಸಾಧನದ ಸೆಟ್ಟಿಂಗ್ಸ್ ವಿಭಾಗದಲ್ಲಿ ಆವೃತ್ತಿಯ ಸಂಖ್ಯೆಯನ್ನು ನೋಡಿ ಬರೆದಿಟ್ಟುಕೊಳ್ಳುವುದು ಅಳವಡಿಕೆಯ ಮೊದಲ ಹೆಜ್ಜೆ. ಸ್ನೇಹಿತನ ಕಿಂಡಲ್‌ನಲ್ಲಿ ನಡೆದ ಕಟ್ಟು ತನ್ನದರಲ್ಲೂ ನಡೆಯುತ್ತದೆ ಎಂಬ ನಂಬಿಕೆಯೇ ಅನೇಕ ತೊಂದರೆಗಳ ಮೂಲ.

ಎರಡನೆಯದು ಸ್ಥಾನ. ಕಿಂಡಲ್‌ನಲ್ಲಿ ಪೂರಕ ತಂತ್ರಾಂಶಗಳನ್ನು ಪಟ್ಟಿಮಾಡಿ ತೋರಿಸುವ ಕುವಾಲ್ ಎಂಬ ಚಾಲಕವು 'ಎಕ್ಸ್‌ಟೆನ್ಶನ್ಸ್' ಎಂಬ ಹೆಸರಿನ ಫೋಲ್ಡರನ್ನು ಮಾತ್ರ ನೋಡುತ್ತದೆ. ಆ ಫೋಲ್ಡರು ಸಾಧನದ ಸಂಗ್ರಹದಲ್ಲಿ ಎಲ್ಲಕ್ಕಿಂತ ಹೊರಗಿನ ಹಂತದಲ್ಲಿರಬೇಕು. ಅದರೊಳಗೆ ಪ್ರತಿಯೊಂದು ತಂತ್ರಾಂಶಕ್ಕೂ ತನ್ನದೇ ಒಳಫೋಲ್ಡರು, ಆ ಒಳಫೋಲ್ಡರಿನಲ್ಲಿ ಅದರ ಪಟ್ಟಿಕೆಯ ಕಡತ ಇರಬೇಕು. ಆದರೆ ಗಣಕಯಂತ್ರದಲ್ಲಿ ಜಿಪ್ ಕಡತವನ್ನು ಬಿಚ್ಚಿದಾಗ, ಆ ಕಡತದ ಹೆಸರಿನದೇ ಮತ್ತೊಂದು ಫೋಲ್ಡರು ಉಂಟಾಗಿ ಎಲ್ಲವೂ ಅದರೊಳಗೆ ಸೇರಿಕೊಳ್ಳುವುದು ವಾಡಿಕೆ. ಓದುಗನು ಆ ಹೊರಫೋಲ್ಡರನ್ನೇ ಕಿಂಡಲ್‌ಗೆ ನಕಲು ಮಾಡಿದರೆ ತಂತ್ರಾಂಶ ಸಾಧನದಲ್ಲಿದ್ದೂ ಚಾಲಕನಿಗೆ ಕಾಣದು. ಸರಿಯಾದ ವಿಧಾನವೆಂದರೆ ಹೊರಫೋಲ್ಡರನ್ನು ತೆರೆದು ಅದರೊಳಗಿನ 'ಎಕ್ಸ್‌ಟೆನ್ಶನ್ಸ್' ಮತ್ತು 'ಕೋರೀಡರ್' ಫೋಲ್ಡರುಗಳನ್ನು ಸಾಧನದ ಹೊರಹಂತಕ್ಕೆ ನೇರವಾಗಿ ಸೇರಿಸುವುದು. ಈಗಾಗಲೇ 'ಎಕ್ಸ್‌ಟೆನ್ಶನ್ಸ್' ಇದ್ದರೆ ಅದನ್ನು ಅಳಿಸಿ ಹೊಸದನ್ನು ಇಡದೆ ಎರಡನ್ನೂ ಕೂಡಿಸಬೇಕು. ಇಲ್ಲವಾದರೆ ಮೊದಲಿದ್ದ ತಂತ್ರಾಂಶಗಳು ಮಾಯವಾಗುತ್ತವೆ.

ಕೋಬೋದಲ್ಲಿ ಸ್ಥಾನದ ತೊಡಕು ಬೇರೆ ಬಗೆಯದು. ಅಲ್ಲಿ ಅಗತ್ಯವಾದ ಫೋಲ್ಡರುಗಳ ಹೆಸರು ಚುಕ್ಕೆಯಿಂದ ಆರಂಭವಾಗುವುದರಿಂದ ಅವು ಗಣಕಯಂತ್ರದಲ್ಲಿ ಮರೆಯಾಗಿರಬಹುದು. ಮರೆಯಾಗಿರುವ ಕಡತಗಳನ್ನು ತೋರಿಸುವಂತೆ ಗಣಕಯಂತ್ರಕ್ಕೆ ಸೂಚಿಸಿದ ಮೇಲೆ ಮಾತ್ರ ಮುಂದಿನ ಕೆಲಸ ಸಾಧ್ಯ. 2020ರಲ್ಲಿ ಬಂದ ನಿಕ್ಕಲ್‌ಮೆನು ಎಂಬ ಪೂರಕ ತಂತ್ರಾಂಶದ 'ಕೋಬೋರೂಟ್' ಕಡತವನ್ನು ಬಿಚ್ಚದೆ, ಇದ್ದ ಹಾಗೆಯೇ 'ಚುಕ್ಕೆ-ಕೋಬೋ' ಫೋಲ್ಡರಿನಲ್ಲಿ ಇಡಬೇಕು. ಕಿಂಡಲ್‌ನಲ್ಲಿ ಬಿಚ್ಚಿ ಇಡಬೇಕಾದುದು ಇಲ್ಲಿ ಬಿಚ್ಚದೆ ಇಡಬೇಕಾದುದಾಗಿದೆ. ಕೋರೀಡರ್ ಫೋಲ್ಡರನ್ನಾದರೋ ಬಿಚ್ಚಿ 'ಚುಕ್ಕೆ-ಆಡ್ಸ್' ಎಂಬ ಫೋಲ್ಡರಿಗೆ ಸೇರಿಸಬೇಕು. ಅಷ್ಟೇ ಅಲ್ಲದೆ, ಕೋಬೋದ ಸ್ವಂತ ತಂತ್ರಾಂಶವು ಮರೆಯಾದ ಫೋಲ್ಡರುಗಳಲ್ಲಿಯೂ ಪುಸ್ತಕಗಳನ್ನು ಹುಡುಕುವುದರಿಂದ, ಆ ಫೋಲ್ಡರನ್ನು ಹುಡುಕಾಟದಿಂದ ಹೊರಗಿಡುವ ಒಂದು ಸಾಲನ್ನು ಅದರ ಸಂರಚನಾ ಕಡತಕ್ಕೆ ಸೇರಿಸಬೇಕಾಗುತ್ತದೆ. ಇದನ್ನು ಮರೆತರೆ ತಂತ್ರಾಂಶದ ಚಿತ್ರಗಳೂ ಸಹಾಯಕಡತಗಳೂ ಓದುಗನ ಪುಸ್ತಕಪಟ್ಟಿಯಲ್ಲಿ ಪುಸ್ತಕಗಳಂತೆ ಬಂದು ಕೂರುತ್ತವೆ.

ಮೂರನೆಯದು ಕ್ರಮ. ಮಾರ್ಪಾಡು, ಅದನ್ನು ಸ್ಥಿರಗೊಳಿಸುವ ಹಾಟ್‌ಫಿಕ್ಸ್, ಕಟ್ಟುಗಳನ್ನು ಅಳವಡಿಸುವ ಉಪಕರಣ, ಚಾಲಕ, ಅನಂತರ ಓದುವ ತಂತ್ರಾಂಶ, ಕೊನೆಗೆ ಫಾಂಟ್ ಮತ್ತು ನಿಘಂಟು ಎಂಬುದು ಕಿಂಡಲ್‌ನಲ್ಲಿ ಅನುಸರಿಸಬೇಕಾದ ಅನುಕ್ರಮ. ಪ್ರತಿಯೊಂದು ಹಂತವೂ ತನ್ನ ಹಿಂದಿನದನ್ನು ಆಧರಿಸಿದೆ. ಒಂದು ಹಂತ ಮುಗಿದು ಅದು ಸರಿಯಾಗಿದೆಯೆಂದು ಕಂಡುಕೊಂಡ ಮೇಲೆಯೇ ಮುಂದಿನದಕ್ಕೆ ಕೈಹಾಕಬೇಕು. ಎಲ್ಲವನ್ನೂ ಒಂದೇ ಬಾರಿಗೆ ಸುರಿದು ಸಾಧನವನ್ನು ಮರುಪ್ರಾರಂಭಿಸುವವನಿಗೆ ತಪ್ಪು ಎಲ್ಲಿ ನಡೆಯಿತೆಂದು ತಿಳಿಯುವ ದಾರಿಯೇ ಉಳಿಯದು. ಕಡತಗಳನ್ನು ನಕಲು ಮಾಡಿದ ಕೂಡಲೇ ತಂತಿಯನ್ನು ಎಳೆದು ತೆಗೆಯುವುದೂ ಕ್ರಮಭಂಗವೇ. ಗಣಕಯಂತ್ರವು ನಕಲು ಮುಗಿಯಿತೆಂದು ತೋರಿಸಿದರೂ ಕೊನೆಯ ಭಾಗವು ಸಾಧನಕ್ಕೆ ಇನ್ನೂ ಬರೆಯಲ್ಪಡದೆ ಉಳಿದಿರಬಹುದು. ಸಾಧನವನ್ನು ಗಣಕಯಂತ್ರದಿಂದ ವಿಧಿವತ್ತಾಗಿ ಬೇರ್ಪಡಿಸಿದ ಮೇಲೆಯೇ ತಂತಿಯನ್ನು ತೆಗೆಯತಕ್ಕದ್ದು.

ನಾಲ್ಕನೆಯದು ಹಿಂದಿರುಗುವ ದಾರಿ. ತಯಾರಕನ ಸ್ವಯಂಚಾಲಿತ ನವೀಕರಣವು ಮಾರ್ಪಾಡಿಗೆ ಕಾರಣವಾದ ಸಡಿಲವನ್ನು ಮುಚ್ಚಿಬಿಡಬಹುದು. ಆದುದರಿಂದ ಅಳವಡಿಕೆಯ ಅವಧಿಯಲ್ಲಿ, ಆಯಾ ವಿಧಾನದ ಸೂಚನೆಯಲ್ಲಿ ಬೇರೆ ಹೇಳಿರದಿದ್ದರೆ, ಸಾಧನವನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಡುವುದು ಕ್ಷೇಮ. ಅಳವಡಿಸುವ ಮುನ್ನವೇ ಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ಗಣಕಯಂತ್ರಕ್ಕೆ ನಕಲು ಮಾಡಿಕೊಳ್ಳಬೇಕು. ತೆಗೆದುಹಾಕುವ ವಿಧಾನವನ್ನು ಅಳವಡಿಸುವ ವಿಧಾನದೊಂದಿಗೇ ಓದಿಕೊಂಡಿರಬೇಕು. ನಿಕ್ಕಲ್‌ಮೆನುವಿನ ರಚನೆಯಲ್ಲಿ ಈ ವಿವೇಕವು ಎದ್ದುಕಾಣುತ್ತದೆ. ಅದರ ಫೋಲ್ಡರಿನಲ್ಲಿ 'ಅನ್‌ಇನ್‌ಸ್ಟಾಲ್' ಎಂಬ ಹೆಸರಿನ ಖಾಲಿ ಕಡತವನ್ನಿಟ್ಟು ಸಾಧನವನ್ನು ಮರುಪ್ರಾರಂಭಿಸಿದರೆ ಅದು ತನ್ನನ್ನು ತಾನೇ ತೆಗೆದುಹಾಕಿಕೊಳ್ಳುತ್ತದೆ. ಒಳಗೆ ಬರುವ ದಾರಿಯಷ್ಟೇ ಹೊರಹೋಗುವ ದಾರಿಯನ್ನೂ ಸ್ಪಷ್ಟಪಡಿಸುವುದು ಒಳ್ಳೆಯ ತಂತ್ರಾಂಶದ ಲಕ್ಷಣ.

ಕನ್ನಡದ ಒರೆಗಲ್ಲು

ಇಷ್ಟೆಲ್ಲ ಸರಿಯಾಗಿ ನಡೆದು ಕೋರೀಡರ್ ತೆರೆದುಕೊಂಡರೆ ಇಂಗ್ಲಿಷ್ ಓದುಗನ ಕೆಲಸ ಬಹುಮಟ್ಟಿಗೆ ಮುಗಿಯಿತು. ಕನ್ನಡ ಓದುಗನಿಗೆ ನಿಜವಾದ ಪರೀಕ್ಷೆ ಅಲ್ಲಿಂದ ಮುಂದೆ ಆರಂಭವಾಗುತ್ತದೆ. 'ಕನ್ನಡ' ಎಂಬ ಪದ ಯೂನಿಕೋಡ್‌ನಲ್ಲಿ ಐದು ಸಂಕೇತಗಳ ಸಾಲು: ಕ, ನ, ವಿರಾಮಚಿಹ್ನೆ, ನ, ಡ. ಈ ಸಾಲನ್ನು ಓದಿ ಎರಡನೆಯ ನಕಾರವನ್ನು ಒತ್ತಕ್ಷರವನ್ನಾಗಿಸಿ ಮೊದಲಿನದರ ಕೆಳಗೆ ಕೂರಿಸುವುದು ಅಕ್ಷರರೂಪಣೆಯ ತಂತ್ರಾಂಶ ಮತ್ತು ಫಾಂಟ್ ಇವೆರಡರ ಕೂಡುಕೆಲಸ. ಕೋರೀಡರ್ ಈ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತದೆ. ಅದರ ಪೂರ್ಣ ಶಕ್ತಿ ದೊರೆಯಬೇಕಾದರೆ ಫಾಂಟ್ ವಿಭಾಗದ ಕರ್ನಿಂಗ್ ಆಯ್ಕೆಯು 'ಬೆಸ್ಟ್' ಎಂಬಲ್ಲಿರಬೇಕು. ಪುಟಗಳು ಬೇಗ ತಿರುಗಲೆಂದು ಅದನ್ನು 'ಫಾಸ್ಟ್'ಗೆ ಇಳಿಸಿದರೆ ಇಂಗ್ಲಿಷ್ ಪುಟಕ್ಕೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ಕನ್ನಡ ಪುಟದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ 'ಕನ್‌ನಡ', 'ಕರ್‌ನಾಟಕ' ಎಂಬಂಥ ರೂಪಗಳು ತಲೆಹಾಕುತ್ತವೆ. ಒಂದೇ ಆಯ್ಕೆ ಒಂದು ಲಿಪಿಗೆ ಸೌಕರ್ಯ, ಇನ್ನೊಂದು ಲಿಪಿಗೆ ಅಂಗಭಂಗ. ಇಂಗ್ಲಿಷ್ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದ ಕೈಪಿಡಿಯಲ್ಲಿ ಇದರ ಗಂಭೀರತೆ ಕಾಣಿಸುವ ಸಂಭವ ಕಡಿಮೆ.

ಫಾಂಟಿನ ಆಯ್ಕೆಯೂ ಅಷ್ಟೇ ಮುಖ್ಯ. ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಮುಂತಾದ ಮುಕ್ತ ಫಾಂಟುಗಳು ಲಭ್ಯವಿವೆ. ಇವುಗಳನ್ನು ಕೋರೀಡರ್‌ನ 'ಫಾಂಟ್ಸ್' ಫೋಲ್ಡರಿಗೆ ನಕಲು ಮಾಡಿ, ತಂತ್ರಾಂಶವನ್ನು ಮುಚ್ಚಿ ತೆರೆದು, ಪಟ್ಟಿಯಿಂದ ಆರಿಸಿಕೊಳ್ಳಬೇಕು. ಆದರೆ ಆರಿಸಿಕೊಂಡ ಫಾಂಟು ಹಳಗನ್ನಡ ಪಠ್ಯಕ್ಕೆ ಸಾಕಾಗುತ್ತದೆಯೇ ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಱ ಮತ್ತು ೞ ಅಕ್ಷರಗಳಿಲ್ಲದ ಫಾಂಟಿನಲ್ಲಿ ಅವುಗಳ ಸ್ಥಾನದಲ್ಲಿ ಖಾಲಿ ಚೌಕ ಕಾಣಬಹುದು ಅಥವಾ ಬೇರೊಂದು ಫಾಂಟಿನ ಅಕ್ಷರ ಬಂದು ಸೇರಬಹುದು. ಚೌಕದ ಕಿರಿಕಿರಿ ತಪ್ಪಿಸಲೆಂದು ಬೆರಳಚ್ಚಿನ ಹಂತದಲ್ಲಿಯೇ ಱಕಾರಕ್ಕೆ ರಕಾರವನ್ನು ಹಾಕಿಬಿಟ್ಟರೆ 'ತಿಳಿ' ಎಂಬರ್ಥದ 'ಅಱಿ' ಧಾತುವೂ 'ಕತ್ತರಿಸು' ಎಂಬರ್ಥದ 'ಅರಿ' ಧಾತುವೂ ಒಂದೇ ಆಗಿಹೋಗುತ್ತವೆ. ಯಂತ್ರದ ಅನುಕೂಲಕ್ಕಾಗಿ ಮಾಡಿದ ಈ ಬದಲಾವಣೆಯು ಮುಂದಿನ ಪೀಳಿಗೆಯ ಓದುಗನಿಗೆ ಪಾಠಾಂತರವೆಂಬಂತೆ ಕಾಣಿಸಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ.

ೞಕಾರದ ವಿಷಯದಲ್ಲಿ ಇನ್ನೊಂದು ಸಂಗತಿ ಉಲ್ಲೇಖಾರ್ಹ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಆರಂಭದಲ್ಲಿ ತಪ್ಪಾಗಿ 'ಫ' ಎಂಬ ಹೆಸರನ್ನು ಕೊಡಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಪರ್ಯಾಯವಾಗಿ ಮಾತ್ರ ಸೇರಿದೆ. ಹಳಗನ್ನಡ ಬಲ್ಲವರು ತಾಂತ್ರಿಕ ನಿರ್ಧಾರಗಳ ಸ್ಥಳದಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಶಾಶ್ವತ ನಿದರ್ಶನ. ಇದೇ ರೀತಿ ನಕಾರಪೊಲ್ಲುವು ಯೂನಿಕೋಡ್‌ಗೆ ಸೇರಿದ್ದು 2021ರಲ್ಲಿ. ಅದಕ್ಕೂ ಹಿಂದಿನ ಫಾಂಟುಗಳಲ್ಲಿ ಆ ಚಿಹ್ನೆಯನ್ನು ನಿರೀಕ್ಷಿಸುವಂತಿಲ್ಲ. ತನಗೆ ಬೇಕಾದ ಹೊಸ ಫಾಂಟನ್ನು ಓದುಗನೇ ಸೇರಿಸಿಕೊಳ್ಳಬಲ್ಲ ವ್ಯವಸ್ಥೆಯ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ.

ಅರ್ಕಾವತ್ತಿನ ಪ್ರಶ್ನೆಯೂ ಇಲ್ಲಿ ಬರುತ್ತದೆ. 'ಸೂರ್ಯ' ಮತ್ತು 'ಸೂರ‍್ಯ' ಎಂಬ ಎರಡು ಬರವಣಿಗೆಗಳ ನಡುವಿನ ವ್ಯತ್ಯಾಸವು ಯೂನಿಕೋಡ್ ಪಠ್ಯದಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತದಿಂದ ಉಂಟಾಗುತ್ತದೆ. ಶಾಸನ ಅಥವಾ ಹಸ್ತಪ್ರತಿಯಲ್ಲಿರುವ ರೂಪವನ್ನು ಹಾಗೆಯೇ ಕೊಡಬಯಸುವ ಸಂಪಾದಕನು ಆ ಸಂಕೇತವನ್ನು ಎಚ್ಚರದಿಂದ ಬಳಸುತ್ತಾನೆ. ರೂಪಣೆ ಸರಿಯಿಲ್ಲದ ಸಾಧನದಲ್ಲಿ ಆ ಎಚ್ಚರವೆಲ್ಲ ವ್ಯರ್ಥ.

ಹೀಗಿರುವಾಗ ತಪ್ಪು ಪಠ್ಯದ್ದೋ ಸಾಧನದ್ದೋ ಎಂದು ಬೇರ್ಪಡಿಸಿ ನೋಡುವ ಕ್ರಮವನ್ನು ಓದುಗನು ರೂಢಿಸಿಕೊಳ್ಳಬೇಕು. ಅದೇ ಕಡತವನ್ನು ಗಣಕಯಂತ್ರದಲ್ಲಿ ತೆರೆದಾಗ ಅಕ್ಷರಗಳು ಸರಿಯಾಗಿ ಕಂಡರೆ ದೋಷವು ಅಳವಡಿಕೆಯಲ್ಲಿದೆ. ಅಲ್ಲಿಯೂ ತಪ್ಪಾಗಿ ಕಂಡರೆ ದೋಷವು ಕಡತದಲ್ಲಿರುವ ಸಂಭವವೇ ಹೆಚ್ಚು. ನುಡಿ, ಬರಹ ಮೊದಲಾದವುಗಳ ಹಳೆಯ ಸಂಕೇತಪದ್ಧತಿಯಲ್ಲಿ ಬೆರಳಚ್ಚಾದ ಪಠ್ಯಗಳದು ಮತ್ತೊಂದು ಬಗೆ. ಆಯಾ ಫಾಂಟನ್ನು ಸಾಧನಕ್ಕೆ ಸೇರಿಸಿದರೆ ಅವು ಕಣ್ಣಿಗೆ ಕನ್ನಡವಾಗಿ ಕಾಣಿಸಿಯಾವು; ಆದರೆ ಯಂತ್ರದ ಪಾಲಿಗೆ ಅವು ರೋಮನ್ ಅಕ್ಷರಗಳ ಅರ್ಥಹೀನ ಸಾಲುಗಳೇ. ಅವುಗಳಲ್ಲಿ ಪದವನ್ನು ಹುಡುಕಲಾಗದು, ನಿಘಂಟನ್ನು ನೋಡಲಾಗದು. ಸೊನ್ನೆಯ ಚಿಹ್ನೆ 'ಂ' ಇರಬೇಕಾದಲ್ಲಿ ಕನ್ನಡ ಅಂಕಿಯ '೦' ಬಂದಿರುವುದು ಇನ್ನೊಂದು ಸಾಮಾನ್ಯ ದೋಷ. ಇಂಥ ದೋಷಗಳಿಗೆ ಮೊದಲು ಪಠ್ಯವನ್ನು ಶುದ್ಧವಾದ ಯೂನಿಕೋಡ್‌ಗೆ ತರುವುದೇ ಪರಿಹಾರ. ಸಾಧನವನ್ನು ಎಷ್ಟು ಮಾರ್ಪಡಿಸಿದರೂ ಪ್ರಯೋಜನವಿಲ್ಲ.

ನಿಘಂಟಿನ ಅಳವಡಿಕೆಯಲ್ಲಿಯೂ ಇದೇ ಶಿಸ್ತು ಬೇಕು. ಕೋರೀಡರ್ ಸ್ವೀಕರಿಸುವ ಸ್ಟಾರ್‌ಡಿಕ್ಟ್ ರೂಪದ ನಿಘಂಟಿನಲ್ಲಿ ವಿವರಕಡತ, ಸೂಚಿಕಡತ, ಅರ್ಥಕಡತ ಎಂಬ ಮೂರು ಮುಖ್ಯ ಭಾಗಗಳಿರುತ್ತವೆ. ಮೂರಕ್ಕೂ ಒಂದೇ ಹೆಸರಿದ್ದು, ಮೂರೂ ಒಂದೇ ಫೋಲ್ಡರಿನಲ್ಲಿರಬೇಕು. ಒಂದು ತಪ್ಪಿದರೂ ನಿಘಂಟು ಕೆಲಸ ಮಾಡದು. 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟಿನಂಥ, ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಯನ್ನು ಈ ರೂಪದಲ್ಲಿ ಶುದ್ಧವಾಗಿ ಸಿದ್ಧಪಡಿಸಿದರೆ ಹಳಗನ್ನಡ ಓದುವ ವಿದ್ಯಾರ್ಥಿಗೆ ಪದದ ಮೇಲೆ ಬೆರಳಿಟ್ಟ ಕ್ಷಣದಲ್ಲೇ ಅರ್ಥ ದೊರೆಯುತ್ತದೆ. ಆದರೆ 'ಮನೆಯಲ್ಲಿ' ಎಂಬ ರೂಪವನ್ನು ಒತ್ತಿದಾಗ ನಿಘಂಟಿನ 'ಮನೆ' ತಾನಾಗಿ ದೊರೆಯಲಾರದು. ವಿಭಕ್ತಿಪ್ರತ್ಯಯಗಳನ್ನು ಬಿಡಿಸಿ ಪ್ರಕೃತಿಯನ್ನು ಸೂಚಿಸುವ ಪಟ್ಟಿಯನ್ನು ನಿಘಂಟಿನೊಂದಿಗೆ ಸೇರಿಸಬೇಕಾಗುತ್ತದೆ. ಇದು ವ್ಯಾಕರಣ ಬಲ್ಲವರ ಕೆಲಸ, ತಂತ್ರಜ್ಞರೊಬ್ಬರಿಂದಲೇ ಆಗುವಂಥದಲ್ಲ.

ಆಕ್ಷೇಪಗಳು

ಸಾಧನವನ್ನು ಮಾರ್ಪಡಿಸುವುದು ಕಾನೂನಿಗೆ ವಿರುದ್ಧವಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಭಾರತದ ಹಕ್ಕುಸ್ವಾಮ್ಯ ಕಾಯಿದೆಗೆ 2012ರ ತಿದ್ದುಪಡಿಯಿಂದ ಸೇರಿದ 65ಎ ಕಲಮು, ಹಕ್ಕುಗಳ ಉಲ್ಲಂಘನೆಯ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಇಲ್ಲಿ ಉದ್ದೇಶವೆಂಬುದು ಮುಖ್ಯ. ಪುಸ್ತಕದ ಬೀಗವನ್ನು ಮುರಿದು ಪ್ರತಿಗಳನ್ನು ಹಂಚುವುದು ಬೇರೆ. ತಾನು ಕೊಂಡ ಸಾಧನದಲ್ಲಿ ಮುಕ್ತ ತಂತ್ರಾಂಶವೊಂದನ್ನು ಅಳವಡಿಸಿ ಹಕ್ಕುಮುಕ್ತ ಕೃತಿಯನ್ನೋ ತನ್ನದೇ ಸಂಶೋಧನ ಲೇಖನವನ್ನೋ ಓದುವುದು ಬೇರೆ. ಕೋರೀಡರ್ ಬೀಗಹಾಕಿದ ಪುಸ್ತಕಗಳನ್ನು ತೆರೆಯುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಈ ಎರಡು ಕ್ರಿಯೆಗಳ ನಡುವಿನ ಗೆರೆಯನ್ನು ವಿದ್ಯಾಸಂಸ್ಥೆಗಳು ಸ್ಪಷ್ಟವಾಗಿ ಕಾಯ್ದುಕೊಳ್ಳಬೇಕು. ಲೇಖಕರ ಮತ್ತು ಪ್ರಕಾಶಕರ ಹಕ್ಕಿಗೆ ಚ್ಯುತಿ ತರುವ ಯಾವ ಬಳಕೆಗೂ ಆಸ್ಪದ ಕೊಡಬಾರದು.

ಎರಡನೆಯ ಆಕ್ಷೇಪವು ಅಪಾಯಕ್ಕೆ ಸಂಬಂಧಿಸಿದ್ದು. ಮಾರ್ಪಡಿಸಿದ ಸಾಧನಕ್ಕೆ ತಯಾರಕನ ಖಾತರಿ ದೊರೆಯದೆ ಹೋಗಬಹುದು. ಅವಸರದ ಕೆಲಸದಿಂದ ಸಾಧನವು ಏಳದೆಯೂ ಹೋಗಬಹುದು. ಈ ಮಾತು ನಿಜ. ಆದುದರಿಂದಲೇ ಗ್ರಂಥಾಲಯದ ಅಥವಾ ಸಾರ್ವಜನಿಕ ಹಣದಿಂದ ಕೊಂಡ ಸಾಧನಗಳನ್ನು ಸಕಾರಣವಿಲ್ಲದೆ ಮಾರ್ಪಡಿಸುವುದು ಯುಕ್ತವಲ್ಲ. ಫಾಂಟೊಂದೇ ಬೇಕಾಗಿದ್ದರೆ ಮಾರ್ಪಾಡು ಮಾಡದೆಯೇ ಸಾಧನದ ಹೊರಹಂತದಲ್ಲಿ 'ಫಾಂಟ್ಸ್' ಎಂಬ ಫೋಲ್ಡರಿನ ಮೂಲಕ ಸೇರಿಸುವ ಸೌಲಭ್ಯವು ಕೋಬೋದಲ್ಲಿಯೂ, 2018ರಿಂದ ಕಿಂಡಲ್‌ನಲ್ಲಿಯೂ ಇದೆ. ಕಡಿಮೆ ಹಸ್ತಕ್ಷೇಪದಿಂದ ಆಗುವ ಕೆಲಸಕ್ಕೆ ಹೆಚ್ಚಿನ ಹಸ್ತಕ್ಷೇಪ ಬೇಡ ಎಂಬ ಗ್ರಂಥಸಂಪಾದನೆಯ ವಿವೇಕ ಇಲ್ಲಿಗೂ ಅನ್ವಯಿಸುತ್ತದೆ.

ಕನ್ನಡ ವಿಭಾಗಗಳಿಗೆ ಇದು ಸಂಬಂಧಿಸಿದ ಕೆಲಸವೇ ಅಲ್ಲ ಎಂಬುದು ಮೂರನೆಯ ಆಕ್ಷೇಪ. ಓಲೆಗರಿಯನ್ನು ಹದಗೊಳಿಸುವ ವಿಧಾನ, ಮಸಿಯ ತಯಾರಿಕೆ, ಲಿಪಿಕಾರನ ಅಭ್ಯಾಸಗಳು ಇವೆಲ್ಲ ಹಸ್ತಪ್ರತಿಶಾಸ್ತ್ರದ ಅಂಗಗಳೆಂದು ಒಪ್ಪಿದ ಶಿಸ್ತು ಹೀಗೆ ಹೇಳಲಾಗದು. ಲಿಪಿಕಾರನ ಸ್ಖಾಲಿತ್ಯಗಳನ್ನು ವರ್ಗೀಕರಿಸಿ, ಅವುಗಳ ಕಾರಣಗಳನ್ನು ಗುರುತಿಸುವ ಪದ್ಧತಿಯನ್ನು ಡಿ.ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಕನ್ನಡಕ್ಕೆ ಕಲಿಸಿಕೊಟ್ಟರು. ಲಿಪಿಕಾರನು ಒಂದೆಡೆ ತಪ್ಪಿ ಇನ್ನೊಂದೆಡೆ ಸರಿಯಾಗಿ ಬರೆದಿರಬಹುದು. ಆ ವ್ಯತ್ಯಾಸವೇ ಸಂಪಾದಕನಿಗೆ ಸುಳಿವು. ಯಂತ್ರವಾದರೋ ತಪ್ಪಿದ ಕಡೆಗಳಲ್ಲೆಲ್ಲ ಒಂದೇ ರೀತಿ ತಪ್ಪುತ್ತದೆ. ಆ ಏಕರೂಪತೆಯಿಂದಾಗಿಯೇ ತಪ್ಪು ಸರಿಯೆಂಬ ಭ್ರಮೆಯನ್ನು ಹುಟ್ಟಿಸುತ್ತದೆ.

ಆಗಬೇಕಾದುದು

ಈ ನಿಟ್ಟಿನಲ್ಲಿ ಮೂರು ಕೆಲಸಗಳು ತುರ್ತಾಗಿ ಆಗಬೇಕಾಗಿವೆ. ಮೊದಲನೆಯದಾಗಿ, ಅಳವಡಿಕೆಯ ಕೈಪಿಡಿಯನ್ನು ಕನ್ನಡದಲ್ಲಿ, ಕನ್ನಡ ಓದುಗನ ಅಗತ್ಯಗಳನ್ನೇ ಕೇಂದ್ರದಲ್ಲಿಟ್ಟು ಬರೆಯಬೇಕು. ಇಂಗ್ಲಿಷ್ ಕೈಪಿಡಿಯ ಅನುವಾದದಿಂದ ಈ ಉದ್ದೇಶ ಈಡೇರದು. ಫಾಂಟು, ರೂಪಣೆಯ ಆಯ್ಕೆ, ಹಳೆಯ ಸಂಕೇತಪದ್ಧತಿಯ ಪಠ್ಯಗಳ ಪರಿವರ್ತನೆ ಅದರ ಮುಖ್ಯ ಅಧ್ಯಾಯಗಳಾಗಬೇಕು. ಯಾವ ಮಾದರಿಗೆ, ಯಾವ ಆವೃತ್ತಿಗೆ, ಯಾವ ದಿನಾಂಕದಂದು ಪರೀಕ್ಷಿಸಿದ್ದು ಎಂಬ ವಿವರ ಪ್ರತಿಯೊಂದು ಸೂಚನೆಯ ಜೊತೆಯಲ್ಲೂ ಇರಬೇಕು. ದಿನಾಂಕವಿಲ್ಲದ ಸೂಚನೆಯು ಕಾಲ ತಿಳಿಯದ ಪ್ರತಿಯಂತೆ ದಾರಿತಪ್ಪಿಸುತ್ತದೆ.

ಎರಡನೆಯದಾಗಿ, ಒಂದು ಪರೀಕ್ಷಾಪುಟವನ್ನು ಸಿದ್ಧಪಡಿಸಬೇಕು. ಕಾಗುಣಿತದ ಎಲ್ಲ ರೂಪಗಳು, ಒಂದಕ್ಕಿಂತ ಹೆಚ್ಚು ಒತ್ತಕ್ಷರಗಳುಳ್ಳ 'ಸ್ತ್ರೀ', 'ರಾಷ್ಟ್ರ'ದಂಥ ಪದಗಳು, ಅರ್ಕಾವತ್ತಿನ ಎರಡೂ ಬರವಣಿಗೆಗಳು, ಱ ಮತ್ತು ೞ, ನಕಾರಪೊಲ್ಲು, ಕನ್ನಡ ಅಂಕಿಗಳು ಇವೆಲ್ಲ ಒಂದೇ ಪುಟದಲ್ಲಿರಬೇಕು. ಅದರ ಪಕ್ಕದಲ್ಲಿ ಅದೇ ಪುಟದ ಸರಿಯಾದ ರೂಪವು ಚಿತ್ರವಾಗಿ ಇರಬೇಕು. ಚಿತ್ರಕ್ಕೆ ಫಾಂಟಿನ ಹಂಗಿಲ್ಲ. ಅದು ಯಾವ ಸಾಧನದಲ್ಲಿಯೂ ಬದಲಾಗದು. ಎರಡನ್ನೂ ಹೋಲಿಸಿ ನೋಡಿದರೆ ತಂತ್ರಜ್ಞಾನದ ಗಂಧ ತಿಳಿಯದವನೂ ತನ್ನ ಸಾಧನದ ಶುದ್ಧಿಯನ್ನು ಅಳೆಯಬಲ್ಲನು.

ಮೂರನೆಯದಾಗಿ, ಸ್ನಾತಕೋತ್ತರ ತರಗತಿಗಳ ಗ್ರಂಥಸಂಪಾದನ ಪತ್ರಿಕೆಯಲ್ಲಿ ವಿದ್ಯುನ್ಮಾನ ಪಠ್ಯಕ್ಕೆ ಮೀಸಲಾದ ಪಾಠವೊಂದು ಸೇರಬೇಕು. ವಿದ್ಯಾರ್ಥಿಯು ಒಂದು ಕಿರುಪಠ್ಯವನ್ನು ಯೂನಿಕೋಡ್‌ಗೆ ತಂದು, ಇಪಬ್ ಆಗಿ ರೂಪಿಸಿ, ಸಾಧನವೊಂದರಲ್ಲಿ ಸರಿಯಾಗಿ ಕಾಣುವಂತೆ ಮಾಡಿ ತೋರಿಸುವುದು ಆ ಪಾಠದ ಅಭ್ಯಾಸವಾಗಬಹುದು. ಪ್ರತಿಯೊಂದು ಮಾದರಿಯ ಜೈಲ್‌ಬ್ರೇಕನ್ನು ಕಲಿಸುವುದು ವಿಶ್ವವಿದ್ಯಾನಿಲಯದ ಕೆಲಸವಲ್ಲ. ಆ ವಿಧಾನಗಳು ವರ್ಷ ವರ್ಷಕ್ಕೂ ಬದಲಾಗುತ್ತವೆ. ಆದರೆ ಹೊಂದಿಕೆ, ಸ್ಥಾನ, ಕ್ರಮ, ಹಿಂದಿರುಗುವ ದಾರಿ ಎಂಬ ನಾಲ್ಕು ನಿಯಮಗಳು ಬದಲಾಗುವುದಿಲ್ಲ.

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1872ರಲ್ಲಿ ಕಿಟೆಲ್ ಸಂಪಾದಿಸಿದ ಕೇಶಿರಾಜನ ಶಬ್ದಮಣಿದರ್ಪಣವು ಅಚ್ಚಾದಾಗ, ಒತ್ತಕ್ಷರವೊಂದು ತನ್ನ ಸ್ಥಾನದಲ್ಲಿ ಕೂರುವುದು ಮೊಳೆ ಜೋಡಿಸುವವನ ಎಚ್ಚರವನ್ನು ಅವಲಂಬಿಸಿತ್ತು. ಇ-ರೀಡರ್‌ನಲ್ಲಿ ಆ ಹೊಣೆಯು ಫಾಂಟು ರೂಪಿಸಿದವನಿಗೂ ರೂಪಣೆಯ ತಂತ್ರಾಂಶ ಬರೆದವನಿಗೂ ಅದನ್ನು ಸಾಧನದಲ್ಲಿ ಅಳವಡಿಸುವ ಓದುಗನಿಗೂ ಹಂಚಿಹೋಗಿದೆ. ಮೊದಲಿನ ಇಬ್ಬರು ತಮ್ಮ ಕೆಲಸವನ್ನು ಬಹುಪಾಲು ಮಾಡಿ, ಅದನ್ನು ಮುಕ್ತವಾಗಿ ಬಿಟ್ಟುಕೊಟ್ಟಿದ್ದಾರೆ. ಉಳಿದ ಪಾಲನ್ನು ಓದುಗನು ಸರಿಯಾಗಿ ನಿರ್ವಹಿಸುವಂತೆ ಅವನಿಗೆ ಅವನ ಭಾಷೆಯಲ್ಲಿ ತಿಳಿಸಿಕೊಡುವ ಕರ್ತವ್ಯವು ಕನ್ನಡ ವಿಭಾಗಗಳ ಮೇಲಿದೆ.